ಕಿಟಕಿಯಿಂದ ಬಂದ ಕೂಸು

ಹಳಿಯಾಳದಿಂದ ಧಾರವಾಡಕ್ಕೆ ಹೋಗುವ ಬೆಳಗಿನ ಬಸ್ಸು ಎಂದರೆ ಕಾಲಿಡಲೂ ಜಾಗವಿರುವುದಿಲ್ಲ...

ಆದರೆ ಅಂಥ ಬಸ್ಸಿನಲ್ಲೂ ಒಂದು ಸೀಟು ಮಾತ್ರ ಬಹಳ ಹೊತ್ತು ಖಾಲಿಯೇ ಇರುತ್ತಿತ್ತು.

ಅದು ಜುಲಿಯಾನಾಳ ಪಕ್ಕದ ಸೀಟು!

ಜುಲಿಯಾನಾ ಸಿದ್ದಿ ಸಮುದಾಯದ ಹುಡುಗಿ. ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಬಂದು ಈ ನೆಲದವರೇ ಆಗಿಹೋದವರ ವಂಶದ ಕುಡಿ. ಕಪ್ಪು ಮೈಬಣ್ಣ, ದಟ್ಟ ಗುಂಗುರು ಕೂದಲು... ಬಾಯಿ ತೆರೆದರೆ ಅಪ್ಪಟ ಕನ್ನಡ.

ಧಾರವಾಡದಲ್ಲಿ ಬಿ.ಎಡ್. ಓದುತ್ತಿದ್ದಳು. ಕನ್ನಡ ಟೀಚರ್ ಆಗಬೇಕೆಂಬುದು ಚಿಕ್ಕಂದಿನ ಆಸೆ.

ಜನ ನಿಂತೇ ಬರುತ್ತಿದ್ದರು, ಕಂಬಿಗೆ ಜೋತು ಬೀಳುತ್ತಿದ್ದರು... ಅವಳ ಪಕ್ಕ ಮಾತ್ರ ಕೂರುತ್ತಿರಲಿಲ್ಲ.

ಮೊದಮೊದಲು ಅವಳಿಗೂ ಇದೊಂದು ತಮಾಷೆ. "ಅವ್ವಾ, ನಾ ಒಂದು ಟಿಕೆಟ್ ತಗೊಂಡು ಎರಡು ಸೀಟಿನಾಗ ಆರಾಮ ಕುಂತು ಹೋಗ್ತೇನಿ ನೋಡು!" ಎಂದು ಮನೆಯಲ್ಲಿ ನಗುತ್ತಿದ್ದಳು.

ಕಾಲೇಜು ಹುಡುಗರು "ವಿಚ್ ಕಂಟ್ರಿ ಮೇಡಂ?" ಎಂದರೆ, "ಹಳಿಯಾಳ ತಾಲೂಕ್ರೀ" ಎಂದು ಕಿಟಕಿಯ ಕಡೆ ತಿರುಗುತ್ತಿದ್ದಳು. ನಗುತ್ತಲೇ ಹೇಳುತ್ತಿದ್ದಳು... ಧಾರವಾಡ ಬರುವವರೆಗೆ ಮಾತ್ರ ಮುಖ ಈಚೆ ತಿರುಗಿಸುತ್ತಿರಲಿಲ್ಲ.

ಒಂದು ದಿನ ಐದು ವರ್ಷದ ಹುಡುಗಿಯೊಬ್ಬಳು ಖುಷಿಯಿಂದ ಅವಳ ಪಕ್ಕ ಕೂರಲು ಓಡಿಬಂದಳು.

ದಿನಾ ಅದೇ ಬಸ್ಸಿಗೆ ಬರುವ ಹೂವು ಮಾರುವ ಗಂಗವ್ವ ಆ ಮಗುವನ್ನು ಹಿಡಿದೆಳೆದಳು. "ಅಲ್ಲೆ ಹೋಗಬ್ಯಾಡ ಪುಟ್ಟಿ, ಅಂಜ್ಕೊಂಡೀ!"

ಮಗು ಹಿಂದೆ ಸರಿಯಿತು...

ಜುಲಿಯಾನಾಳಿಗೆ ಮೊದಲು ಸಿಟ್ಟು ಬಂತು. ಆಮೇಲೆ ಅಳು ಬಂತು. ಕೊನೆಗೆ ಭಯ ಹುಟ್ಟಿತು.

ಮರುದಿನವೇ ಧಾರವಾಡದ ಶಾಲೆಯೊಂದರ ಆರನೇ ತರಗತಿಯಲ್ಲಿ ಅವಳ ಮೊದಲ ಅಭ್ಯಾಸ ಪಾಠ. ಆ ಮಕ್ಕಳೂ ತನ್ನನ್ನು ಕಂಡು ಹೆದರಿದರೆ?

'ನನ್ನಿಂದಾಗದು, ಕೋರ್ಸು ಬಿಡುತ್ತಿದ್ದೇನೆ' ಎಂದು ಪ್ರಿನ್ಸಿಪಾಲರಿಗೆ ಪತ್ರ ಬರೆದು ಬ್ಯಾಗಿನಲ್ಲಿಟ್ಟುಕೊಂಡೇ ಮರುದಿನ ಬಸ್ಸು ಹತ್ತಿದಳು.

ಒಂದು ಸ್ಟಾಪಿನಲ್ಲಿ ಜನ ಮುಗಿಬಿದ್ದರು. ಕಂಕುಳಲ್ಲಿ ಕೂಸು, ಕೈಯಲ್ಲಿ ಚೀಲ ಹಿಡಿದ ಹೆಂಗಸೊಬ್ಬಳು ಬಾಗಿಲ ಹತ್ತಿರವೂ ಬರಲಾಗದೆ ಒದ್ದಾಡುತ್ತಿದ್ದಳು.

"ಯಾರಾದ್ರೂ ಕೂಸು ಹಿಡೀರಿ... ಒಂದೀಟು ಹಿಡೀರೀ!" ಎಂದು ಕಿಟಕಿ ಕಿಟಕಿಗೂ ಕೂಗಿದಳು.

ಒಬ್ಬರು ಫೋನು ನೋಡಿದರು. ಇನ್ನೊಬ್ಬರಿಗೆ ಆಗಲೇ ನಿದ್ದೆ ಬಂತು!

ಜುಲಿಯಾನಾ ಏನನ್ನೂ ಯೋಚಿಸಲಿಲ್ಲ. ಎರಡೂ ಕೈ ಹೊರಗೆ ಚಾಚಿದಳು... ಕೂಸು ಕಿಟಕಿಯಿಂದ ಬಂದು ಅವಳ ತೊಡೆಯ ಮೇಲೆ ಕುಳಿತಿತು. ತಾಯಿ ಹಿಂದಿನ ಬಾಗಿಲಲ್ಲಿ ಹತ್ತಿ ಅಲ್ಲೇ ಸಿಕ್ಕಿಹಾಕಿಕೊಂಡಳು.

ಕೂಸು ಅವಳ ಮುಖ ನೋಡಿತು. ಬಾಯಿ ಅಗಲಿಸಿತು. ಬಸ್ಸಿನ ಚಾವಣಿ ಹಾರಿಹೋಗುವಂತೆ ಅಳತೊಡಗಿತು!

"ನೋಡ್ರಿ, ಅಂಜೇತಿ ಪಾಪ" ಎಂದಳು ನಿಂತಿದ್ದ ಗಂಗವ್ವ.

ಜುಲಿಯಾನಾ ಕೂಸನ್ನು ಗಂಗವ್ವನಿಗೇ ಕೊಟ್ಟುಬಿಡೋಣ ಎಂದುಕೊಂಡಳು... ಅಷ್ಟರಲ್ಲಿ ಕೂಸಿನ ಕತ್ತು ಅವಳ ಕೈಗೆ ತಾಗಿತು. ಬೆವರಿನಿಂದ ತೊಯ್ದುಹೋಗಿತ್ತು!

ಮಾರ್ಚ್ ತಿಂಗಳ ಸೆಕೆಯಲ್ಲಿ ಆ ಕೂಸಿಗೆ ಕಿವಿ ಮುಚ್ಚುವ ಉಣ್ಣೆ ಟೋಪಿ... ಗದ್ದದ ಕೆಳಗೆ ಬಿಗಿಯಾದ ಗಂಟು ಬೇರೆ.

"ಅಯ್ಯ ನನ್ನ ಬಂಗಾರ, ಇದಕ್ಕೇನ ನಿನ್ನ ಸಿಟ್ಟು!" ಎಂದು ಗಂಟು ಬಿಚ್ಚಿ ಟೋಪಿ ತೆಗೆದಳು. ಬ್ಯಾಗಿನಲ್ಲಿ ಕೈಗೆ ಸಿಕ್ಕ ಕಾಗದದಿಂದ ಗಾಳಿ ಬೀಸಿದಳು.

ಅಳು ನಿಂತಿತು. ಕೂಸು ಅವಳನ್ನೇ ದಿಟ್ಟಿಸಿ ನೋಡಿತು... ಗುಂಗುರು ಕೂದಲನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿ ಕೇಕೆ ಹಾಕಿ ನಕ್ಕಿತು!

ಕಂಡಕ್ಟರ್ ನಕ್ಕ. ಅಕ್ಕಪಕ್ಕದವರು ನಕ್ಕರು. ನಿದ್ದೆ ಬಂದಿದ್ದವರಿಗೂ ಎಚ್ಚರವಾಯಿತು!

ಗಂಗವ್ವ ಮೆಲ್ಲಗೆ ಕೇಳಿದಳು. "ಇಲ್ಲೆ ಕುಂದರ್ಲೇನವ್ವಾ?"

"ಸೀಟು ನಮ್ಮಪ್ಪಂದಲ್ರೀ ಅಕ್ಕಾ, ಸರ್ಕಾರದ್ದು... ಕುಂದರ್ರಿ."

ಗಂಗವ್ವ ಕುಳಿತಳು. ಕೂಸಿನ ಮುಷ್ಟಿಯಿಂದ ಕೂದಲು ಬಿಡಿಸಿಕೊಳ್ಳುತ್ತಾ ಜುಲಿಯಾನಾ ಹೇಳಿಯೇಬಿಟ್ಟಳು. "ನಿನ್ನೆ ನೀವು ಅಂದದ್ದಕ್ಕ ಭಾಳ ನೋವಾತ್ರೀ."

ಗಂಗವ್ವ ತಲೆ ತಗ್ಗಿಸಿದಳು.

ಧಾರವಾಡ ಬಂತು. ಬಸ್ಸು ಖಾಲಿಯಾಗುತ್ತಿದ್ದಂತೆ ತಾಯಿ ಮುಂದೆ ಬಂದಳು. ಗಂಗವ್ವನಿಗೆ ಕೇಳದೆ ಇರಲಾಗಲಿಲ್ಲ. "ಅಲ್ಲವ್ವಾ, ಗುರ್ತ ಇಲ್ಲ, ಪರಿಚಯ ಇಲ್ಲ... ಹ್ಯಾಂಗ ಕೊಟ್ಟಿ ಕೂಸನ್ನ?"

ತಾಯಿ ಕೂಸನ್ನೆತ್ತಿಕೊಳ್ಳುತ್ತಾ ಹೇಳಿದಳು. "ಮಾರಿ ನೋಡಾಕ ಪುರುಸೊತ್ತೆಲ್ಲಿತ್ರೀ? ಎಲ್ಲಾರೂ ಆ ಕಡೆ ತಿರುಗಿದ್ರು... ಎರಡು ಕೈ ಮಾತ್ರ ಹೊರಗ ಬಂದ್ವು. ಆ ಕೈಯಾಗ ಕೊಟ್ಟೆ."

ಜುಲಿಯಾನಾಳ ಕಣ್ಣು ತುಂಬಿ ಬಂತು...

ಗಂಗವ್ವ ಬುಟ್ಟಿಯಿಂದ ಒಂದು ಮೊಳ ಮಲ್ಲಿಗೆ ತೆಗೆದು ಆ ಗುಂಗುರು ಕೂದಲಿಗೆ ಮುಡಿಸಿದಳು. "ತಪ್ಪಾತವ್ವಾ... ಪಿನ್ನೂ ಬ್ಯಾಡ ನೋಡು, ಹ್ಯಾಂಗ ಗಟ್ಟಿ ಕುಂತೇತಿ ಹೂವು!"

ಅಳುತ್ತಲೇ ನಕ್ಕಳು ಜುಲಿಯಾನಾ.

ಕೆಳಗಿಳಿದ ಮೇಲೆ ಕೈಯಲ್ಲಿದ್ದ ಕಾಗದ ನೋಡಿದಳು. ಅದು ಪ್ರಿನ್ಸಿಪಾಲರಿಗೆ ಬರೆದ ಪತ್ರ! ಅರ್ಧ ಕೂಸಿನ ಬಾಯಿ ಸೇರಿತ್ತು, ಉಳಿದರ್ಧ ಜೊಲ್ಲಿನಲ್ಲಿ ಮುದ್ದೆಯಾಗಿತ್ತು.

ಕಸದ ಡಬ್ಬಿಗೆ ಹಾಕಿ ನೇರವಾಗಿ ಶಾಲೆಗೆ ನಡೆದಳು.

ತರಗತಿಯಲ್ಲಿ ಮೊದಲ ಬೆಂಚಿನ ಹುಡುಗಿ ಕೇಳಿಯೇಬಿಟ್ಟಳು. "ಟೀಚರ್, ನೀವು ಯಾವ ದೇಶದವರ್ರೀ?"

"ನಿಂದು ಯಾವ ದೇಶ?"

"ಇಂಡಿಯಾರೀ."

"ನಂದೂ ಅದ! ತೆಗೀರಿ ಪುಸ್ತಕ."

ಇಡೀ ತರಗತಿ ನಕ್ಕಿತು... ಪಾಠ ಶುರುವಾಯಿತು.

ಮರುದಿನ ಗಂಗವ್ವ ಬಸ್ಸಿಗೆ ಬಂದಿರಲಿಲ್ಲ. ಪಕ್ಕದ ಸೀಟು ಮತ್ತೆ ಖಾಲಿ. ಒಂದೇ ದಿನಕ್ಕೆ ಜಗತ್ತು ಬದಲಾಗುತ್ತದೆಯೇ?

ಜುಲಿಯಾನಾ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಕಡೆ ಸ್ವಲ್ಪ ಸರಿದು ಕುಳಿತಳು... ಬರುವವರಿಗೆ ಜಾಗವಿರಲಿ ಎಂದು.

*

ಕಷ್ಟದ ಹೊತ್ತಿನಲ್ಲಿ ಮುಂದೆ ಚಾಚುವ ಕೈಯ ಬಣ್ಣ ಕೇಳುವವರಿಲ್ಲ. ಉಳಿದ ಹೊತ್ತಿನಲ್ಲೂ ಕೇಳದಿರುವುದೇ ಮನುಷ್ಯತನ.

ನಾಳೆ ನೀವು ಹತ್ತುವ ಬಸ್ಸಿನಲ್ಲಿ ಯಾರದೋ ಪಕ್ಕದ ಸೀಟು ಖಾಲಿ ಇದ್ದರೆ... ನೀವು ಕೂರುತ್ತೀರಾ, ನಿಂತೇ ಹೋಗುತ್ತೀರಾ?