ಆಯಿಯ ಅಂಗೈ ಮತ್ತು ಹಸಿರು ಹಾವು

ಲಿಂಬೆ ಎಲೆ ಹಿಸುಕಿದರೆ ಇಂದಿಗೂ ನಾವು ಆಯಿ ಎನ್ನುತ್ತಿದ್ದ ಅಜ್ಜಿಯ ಅಂಗೈ ನೆನಪಾಗುತ್ತದೆ.

ನನ್ನ ಚಿಕ್ಕಂದಿನ ಒಂದು ಮಧ್ಯಾಹ್ನ ಹಸಿರು ಹಾವನ್ನು ಹುಡುಕಿಕೊಂಡು, ಪುಣೆಯ ಇಬ್ಬರು ಕ್ಯಾಮೆರಾ ಹಿಡಿದು ಇಂಡಿ ಊರಿನ ನಮ್ಮ ಲಿಂಬೆ ತೋಟಕ್ಕೆ ಬಂದಿದ್ದರು.

"ತಲಿಮ್ಯಾಲ ವಸ್ತ್ರ ಹಾಕ್ಕೋರಿ. ಅದು ಗಿಡದಾಗಿಂದ ಹಾರಿ ಕಣ್ಣಿಗೇ ಹೊಡೀತೈತ್ರಿ," ಎಂದಳು ಆಯಿ. ಅವರು ನಕ್ಕರು.

ಕೊಂಬೆಯಲ್ಲಿ ಹಾವು ಕಂಡದ್ದೇ ತಡ, ಆಯಿ ಲಿಂಬೆಕಾಯಿ ಕೀಳುತ್ತಿದ್ದ ಒರಟು ಕೈಯಿಂದ ನನ್ನ ಕಣ್ಣು ಮುಚ್ಚಿದಳು. ಬೆರಳ ಸಂದಿಯಲ್ಲೂ ಬೆಳಕಿರಲಿಲ್ಲ. ಬರೀ ಲಿಂಬೆಯ ವಾಸನೆ.

"ಆಯಿ, ನಿನ್ನ ಕಣ್ಣ?"

"ನನ್ನವು ನೋಡೂದೆಲ್ಲಾ ನೋಡ್ಯಾವ. ನೀ ಸುಮ್ನ ನಿಂದ್ರು."

ಕ್ಯಾಮೆರಾದ ಸದ್ದಷ್ಟೇ ಕೇಳಿಸಿತು. ಆ ಹಾವನ್ನು ನಾನು ನೋಡಲೇ ಇಲ್ಲ.

ಈಗ ಅಂಥ ಹಾವುಗಳನ್ನು ಹುಡುಕಿ ನಾನೇ ಊರೂರು ಅಲೆಯುತ್ತೇನೆ. ಎಷ್ಟೋ ಕಂಡಿವೆ. ಗಿಡದ ಕೆಳಗೆ ನಿಂತಾಗಲೆಲ್ಲ, ಹಿಂದಿನಿಂದ ಆ ಕೈ ಬಂದೀತೆಂದು ಒಂದು ಗಳಿಗೆ ಕಾಯುತ್ತೇನೆ.