ಕಣ್ಕಟ್ಟಿನ ಹಗಲು

ಬಿಸಿಲು ಕಣ್ಣನ್ನೇ ಸುಡತೊಡಗಿದ ಮೇಲೆ ನಗರದವರೆಲ್ಲ ಹಗಲಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿ, ನಾಯಿ ಕರೆದೊಯ್ದತ್ತ ನಡೆಯುತ್ತಿದ್ದರು. ಪಾರ್ಕಿನಲ್ಲಿ ಮಾತ್ರ ನಾಯಿಗಳನ್ನು ಆಡಲು ಬಿಟ್ಟು ಬೆಂಚಿನ ಮೇಲೆ ಕಾಯುತ್ತಿದ್ದರು.

ಅಂದು ನಾಯಿಗಳನ್ನು ವಾಪಸ್ ಕರೆಯುವ ಗಂಟೆ ಬಾರಿಸಿದರೂ ಕನಕವಲ್ಲಿಯ ನಾಯಿ ಗುಂಡ ಬರಲಿಲ್ಲ. ಕೂಗಿ ಕೂಗಿ ಅವಳ ಗಂಟಲು ಒಣಗಿತು. ಉಳಿದವರ ಹೆಜ್ಜೆಗಳು ಗೇಟು ದಾಟಿ ದೂರವಾದವು. ಆಗ ತಣ್ಣನೆಯ ಮೂತಿಯೊಂದು ಅಂಗೈಗೆ ತಾಗಿತು. ಆತುರದಿಂದ ಅದರ ಕಿವಿ ತಡವಿದಳು, ಅದು ಗುಂಡನ ಹರಿದ ಕಿವಿಯಲ್ಲ.

ಪಕ್ಕದ ಬೆಂಚಿನಲ್ಲಿ ಮುದುಕನೊಬ್ಬನ ದನಿ ನಡುಗಿತು. "ಯಾರಾದ್ರೂ ಇದ್ದೀರಾ? ನನ್ನ ರಾಣಿ ಇನ್ನೂ ಬಂದಿಲ್ಲ."

ಸುಮ್ಮನಿದ್ದರೆ ಈ ನಾಯಿಯ ಜೊತೆ ಅವಳು ರಸ್ತೆಯನ್ನಾದರೂ ದಾಟಬಹುದಿತ್ತು. ಬೆರಳುಗಳು ನಾಯಿಯ ಕೊರಳಪಟ್ಟಿಯನ್ನು ಬಿಗಿಯಾಗಿ ಹಿಡಿದವು.

"ಇಲ್ಲಿದೆ ತಾತ," ಎಂದಳು ಕೊನೆಗೆ.

"ನಿಂದು?"

"ಬರ್ಲಿಲ್ಲ."

ಮುದುಕ ತಡಕಾಡಿ ಅವಳ ಕೈಯನ್ನು ತನ್ನ ಹೆಗಲ ಮೇಲಿಟ್ಟುಕೊಂಡ. "ನಡಿ ತಾಯಿ, ನಿಧಾನಕ್ಕೆ ಹೋಗಣ."

ಗೇಟು ದಾಟುವವರೆಗೂ ಅವಳು ಬೆನ್ನ ಹಿಂದೆಯೇ ಕಿವಿಯಿಟ್ಟು ನಡೆದಳು.