ಗಾಜಿಲ್ಲದ ಕನ್ನಡಕ

ದೊಡ್ಡ ಮಿಸ್ ಹಿಂದಿನ ಬೆಂಚಿನಲ್ಲಿ ಕುಳಿತದ್ದು ಚಿಕ್ಕ ಮಿಸ್ಸಿನ ಪಾಠ ನೋಡಲು. ದ್ವಿತೀಯ ಭಾಷೆಯ ತರಗತಿಯಲ್ಲಿ ಯಾವ ಮಕ್ಕಳು ಬಾಯಿ ಬಿಡುತ್ತಾರೆ, ಯಾರು ಕಿಟಕಿಯಾಚೆ ನೋಡುತ್ತಾರೆ, ಗಮನಿಸಿ ಬಂದು ಹೇಳಿ ಎಂದಿದ್ದರು ಹೆಡ್ ಮಿಸ್. "ನಡುವೆ ಬಾಯಿ ಹಾಕೋ ಹಾಗಿಲ್ಲ ಮತ್ತೆ! ಗೋಡೆ ಥರ ಕೂತಿರಿ."

ಗೋಡೆಗಾದರೆ ಹೊಟ್ಟೆ ಇರುವುದಿಲ್ಲ, ಉರಿಯುವುದೂ ಇಲ್ಲ.

ಚಿಕ್ಕ ಮಿಸ್ಸಿನ ರೀತಿಯೇ ಬೇರೆ. ಮೇಜಿನ ಮೇಲೆ ಗಾಜಿಲ್ಲದ ಒಂದು ಹಳೆಯ ಕನ್ನಡಕ. ಅದನ್ನು ಹಾಕಿಕೊಂಡವರೇ ಟೀಚರು. ಕುರ್ಚಿಯಲ್ಲಿ ಕುಳಿತು ಆ ಭಾಷೆಯಲ್ಲೇ ಕಥೆ ಹೇಳಬೇಕು. ಚಿಕ್ಕ ಮಿಸ್ ಮಕ್ಕಳ ನಡುವೆ ನುಸುಳಿ ಕೂರುತ್ತಾಳೆ.

"ಇವತ್ತು ಯಾರಪ್ಪಾ ಟೀಚರು?"

"ನಾನು ಮಿಸ್! ನಾನು, ನಾನು!"

ಎಲ್ಲಕ್ಕಿಂತ ಮೇಲೆದ್ದ ಕೈ ದೊಡ್ಡ ಮಿಸ್ಸಿನ ಮಗಳದ್ದು. ದಿನಾ ಬೆಳಿಗ್ಗೆ ಜಡೆ ಹೆಣೆಯುತ್ತಾ ಅಮ್ಮ ಅದೇ ಭಾಷೆಯಲ್ಲಿ ಒಂದು ಮಾತು ಕೇಳಿದರೆ ಕಾಲಬೆರಳು ನೋಡಿಕೊಂಡು ನಿಲ್ಲುವ ಹುಡುಗಿ. ಹೆತ್ತವಳ ಮುಂದೆ ಮೂಗಿ, ಇಲ್ಲಿ ಮಾತಿನಮಲ್ಲಿ!

ಮಗಳು ಮೂಗಿನ ತುದಿಗೆ ಜಾರಿದ ಕನ್ನಡಕದ ಮೇಲಿಂದ ಎಲ್ಲರನ್ನೂ ಗತ್ತಿನಿಂದ ನೋಡಿ, ಬೆಕ್ಕು ಬಾವಿಗೆ ಬಿದ್ದ ಕಥೆ ಶುರುಮಾಡಿದಳು. ಮಾತಿಗೊಂದು ತಪ್ಪು. ಚಿಕ್ಕ ಮಿಸ್ ತಿದ್ದಲಿಲ್ಲ, ಗಲ್ಲಕ್ಕೆ ಕೈಕೊಟ್ಟು, "ಅಯ್ಯೋ, ಆಮೇಲೆ?" ಎಂದಳು. ಮಗಳು ಅವಳನ್ನೇ ನೋಡಿ ಬಾಯ್ತುಂಬ ನಕ್ಕಳು. ಆ ನಗು ಈಚೆಗೆ ಮನೆಯ ದಾರಿಯನ್ನೇ ಮರೆತಿತ್ತು.

"ತಪ್ಪು!"

ದೊಡ್ಡ ಮಿಸ್ ಎದ್ದು ನಿಂತಿದ್ದರು. "ಹಾಗಲ್ಲ ಅದು. ಎಷ್ಟು ಸಲ ಹೇಳ್ಕೊಟ್ಟಿದೀನಿ ನಿಂಗೆ? ಮೊದಲಿಂದ ಹೇಳು." ಸರಿಯಾದ ವಾಕ್ಯವನ್ನು ತಾವೇ ಹೇಳಿಯೂ ತೋರಿಸಿದರು, ಒಂದಕ್ಷರ ಅತ್ತಿತ್ತಾಗದಂತೆ.

ಮಕ್ಕಳೆಲ್ಲ ಕೈಕಟ್ಟಿ ನೆಟ್ಟಗೆ ಕುಳಿತವು. ಚಿಕ್ಕ ಮಿಸ್ಸಿನ ಮುಖ ಸಣ್ಣದಾಯಿತು. ದೊಡ್ಡ ಮಿಸ್ಸಿಗೆ ಹೊಟ್ಟೆ ತಣ್ಣಗಾಯಿತು, ಒಂದೇ ಒಂದು ಗಳಿಗೆ.

"ಪರವಾಗಿಲ್ಲ ಪುಟ್ಟಿ," ಎಂದಳು ಚಿಕ್ಕ ಮಿಸ್ ಮೆಲ್ಲಗೆ. "ಬೆಕ್ಕು ಪಾಪ ಇನ್ನೂ ಬಾವೀಲೇ ಇದೆ. ಯಾರು ಎತ್ತಿದ್ರು, ಹೇಳು."

ಮಗಳು ಕುರ್ಚಿಯಿಂದ ಇಳಿದಳು. ಬೆಂಚುಗಳ ನಡುವೆ ಕಾಲಬೆರಳು ನೋಡುತ್ತಾ ಹಿಂದಕ್ಕೆ ನಡೆದು ಬಂದಳು. ಕನ್ನಡಕ ತೆಗೆದು ಅಮ್ಮನ ಕೈಗಿಟ್ಟಳು.

"ನೀನೇ ಹೇಳಮ್ಮ. ನಿಂಗೆ ತಪ್ಪಿಲ್ದೆ ಬರುತ್ತೆ."